ನನ್ನ ಹತ್ತು, ಅವರ ಹದಿನೈದು

ಆಳಂದದ ಮಂದಿ ಅವರನ್ನು ಹುಣ್ಣಿನ ಸಾಹೇಬರು ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅದರಿಂದ ಅವರಿಗೆ ಬೇಸರವಾದದ್ದನ್ನು ನಾನು ಕಾಣೆ. ಜ್ವರ, ಕೆಮ್ಮು, ಭೇದಿ ನೋಡುವವರು ಊರಲ್ಲಿ ಬೇರೆ ಇದ್ದರು. ಇವರು ನೋಡುತ್ತಿದ್ದದ್ದು ಬಾಯೊಳಗಿನ ಹುಣ್ಣು, ಅದರಲ್ಲೂ ಮಾಯದ ಹುಣ್ಣು. ಕ್ಯಾನ್ಸರ್ ಎಂಬ ಶಬ್ದ ಆಗ ನಮ್ಮ ಕಡೆ ಯಾರ ಕಿವಿಗೂ ಬಿದ್ದಿರಲಿಲ್ಲ. ಸಾಹೇಬರು ಅದಕ್ಕೆ ಉರ್ದುವಿನಲ್ಲಿ ಸರತಾನ್ ಎನ್ನುತ್ತಿದ್ದರು. ಸರತಾನ್ ಅಂದರೆ ಏಡಿ ಎಂದು ನನಗೆ ಹೇಳಿದ್ದೂ ಅವರೇ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವ ಮುಖ ನನಗಿಲ್ಲ, ಅಷ್ಟೇ.

೧೯೪೭ರ ಬೇಸಿಗೆಯಲ್ಲಿ ಅವರ ಹತ್ತಿರ ಸೇರಿದೆ. ನಮ್ಮದು ಮಾದನಹಿಪ್ಪರಗಾ. ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡದಲ್ಲಿ ಓದಿದವನು. ಮದುವೆಯಾಗಿತ್ತು, ಕೆಲಸವಿರಲಿಲ್ಲ. ನಿಜಾಮನ ರಾಜ್ಯದಲ್ಲಿ ಉರ್ದು ಬಾರದವನಿಗೆ ಯಾವ ಕಚೇರಿಯವರು ಕೆಲಸ ಕೊಡುತ್ತಾರೆ? ಸಾಹೇಬರು ಮಾತ್ರ ನನ್ನ ಓದು ಕೇಳಲಿಲ್ಲ. ಕೈ ಮುಂದೆ ಚಾಚು ಎಂದರು. ನಾನು ಚಾಚಿದೆ. ಬೆರಳ ಮೇಲೆ ಒಂದು ತೆಳು ಕಾಗದ ಇಟ್ಟು, ಅದು ಅಲುಗುತ್ತದೋ ಇಲ್ಲವೋ ಎಂದು ಕನ್ನಡಕ ಏರಿಸಿ ನೋಡಿದರು.

"ನಡಗಂಗಿಲ್ಲ. ನಾಳಿಂದ ಬಾ," ಎಂದರು.

ಅವರ ದವಾಖಾನೆ ಎಂದರೆ ಎರಡೇ ಖೋಲಿ. ಹೊರಗಿನದರಲ್ಲಿ ರೋಗಿಗಳು, ಒಳಗಿನದರಲ್ಲಿ ನಾವು. ಹುಣ್ಣಿನ ಅಂಚಿನಿಂದ ಕಡಲೆಬೇಳೆಯಷ್ಟು ತುಣುಕು ತೆಗೆದು ಔಷಧದ ನೀರಿನ ಶೀಶೆಯಲ್ಲಿ ಹಾಕುವುದು ಅವರ ಕೆಲಸ. ಆ ತುಣುಕನ್ನು ಸ್ಪಿರಿಟ್ಟಿನಲ್ಲಿ ಒಣಗಿಸಿ, ಮೇಣದಲ್ಲಿ ಕೂರಿಸಿ, ಗಾಳಿಗೆ ಹಾರುವಷ್ಟು ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಹಚ್ಚಿ, ನೀಲಿ ಕೆಂಪು ಬಣ್ಣ ಕೊಡುವುದು ನನ್ನ ಕೆಲಸ. ಬಣ್ಣ ಒಣಗಿದ ಮೇಲೆ ಅವರು ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿಗೆ ಕಣ್ಣು ಹಚ್ಚಿ ಕೂತರೆ ಚಹಾ ತಣ್ಣಗಾದದ್ದೂ ಗೊತ್ತಾಗುತ್ತಿರಲಿಲ್ಲ. ಆಳಂದದ ಬಿಸಿಲಿಗೆ ಮೇಣ ಮೆತ್ತಗಾಗಿ ಅಲಗಿಗೆ ಅಂಟುತ್ತಿತ್ತು. ಅದಕ್ಕೆ ಹಸಿ ಅರಿವೆ ಸುತ್ತಿದ ಕೊಡದ ಮೇಲೆ ಮೇಣದ ಗಟ್ಟಿಗಳನ್ನು ಸಾಲಾಗಿ ಇಟ್ಟು, ಬೆಳಗಿನ ತಂಪಿನಲ್ಲೇ ಕೊಯ್ದು ಮುಗಿಸಬೇಕು. ನನ್ನ ಕೈ ಕೆಟ್ಟ ದಿನ ಅವರ ಬಾಯಿಯೂ ಕೆಡುತ್ತಿತ್ತು.

"ಏನ್ ಕೊಯ್ದಿಯೋ ರಾಜಾ, ಬದ್ನಿಕಾಯಿ?" ಎಂದು ಗಾಜನ್ನು ಬೆಳಕಿಗೆ ಹಿಡಿದು ಬೈಯುತ್ತಿದ್ದರು. ಮಗ್ಗುಲಲ್ಲೇ ರೋಗಿ ಬಂದು ನಿಂತರೆ ಅದೇ ಬಾಯಿಂದ "ಬರ್ರಿ, ಕೂಡ್ರಿ, ಊಟ ಆತೇನ್ರಿ?" ಬರುತ್ತಿತ್ತು. ಇದೇನಪ್ಪಾ, ಈ ಮನುಷ್ಯನಿಗೆ ಎರಡು ಗಂಟಲಿವೆಯೋ ಏನೋ ಎಂದುಕೊಳ್ಳುತ್ತಿದ್ದೆ.

ಅವರಿಗೆ ಒಂದು ಹುಚ್ಚಿತ್ತು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಲ್ಲಿ ತಂಬಾಕು, ಸುಣ್ಣ ತಿಕ್ಕಿ ದವಡೆಗಿಟ್ಟುಕೊಳ್ಳುವವರ ಹುಣ್ಣು ಇಟ್ಟುಕೊಂಡ ಕಡೆಯೇ ಏಳುತ್ತದೆ ಎಂದು ಅವರು ತೋರಿಸಬೇಕಾಗಿತ್ತು. ಅದಕ್ಕಾಗಿ ಕಂಡಕಂಡವರನ್ನು "ಯಾವ ದವಡ್ಯಾಗ ಇಟಗೋತೀರಿ?" ಎಂದು ಕೇಳುವರು. ಒಮ್ಮೆ ಒಬ್ಬರ ಮದುವೆಯ ಊಟದ ಪಂಕ್ತಿಯಲ್ಲಿ ಕೂತು ವರನ ತಂದೆಯನ್ನೇ ಕೇಳಿಬಿಟ್ಟರು. ಆ ಮನುಷ್ಯ ತುತ್ತು ಕೈಯಲ್ಲೇ ಹಿಡಿದು "ಎಡಗಡಿ ರೀ... ಯಾಕ್ರಿ?" ಎಂದ. ಸಾಹೇಬರು ಅಲ್ಲೇ ಅವನ ಬಾಯಿ ತೆರೆಸಿ ನೋಡಿ, ಏನಿಲ್ಲ, ಹೋಳಿಗೆ ತಿನ್ನಿ ಎಂದರು. ತಾವೂ ಹಿಂದೆ ತಂಬಾಕು ತಿನ್ನುತ್ತಿದ್ದರಂತೆ. ಬಿಟ್ಟ ಮೇಲೆ ಬಾಯಿ ಸುಮ್ಮನಿರದೆ ಲವಂಗ ಇಟ್ಟುಕೊಳ್ಳುತ್ತಿದ್ದರು. ಅವರು ಬಂದರೆಂದು ಆ ವಾಸನೆಯಿಂದಲೇ ತಿಳಿಯುತ್ತಿತ್ತು.

ಆ ಕಾಲ ಎಂಥದು ಎಂದು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಅತ್ತ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಇತ್ತ ನಮಗೆ ರಜಾಕಾರರು ಬಂದಿದ್ದರು. ಮಂದಿ ನಿಜಾಮನ ಕಡೆಯ ಆ ಬಂದೂಕಿನವರಿಗೆ ಅಂಜಿ ಗಂಟುಮೂಟೆ ಕಟ್ಟಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ಸಾಹೇಬರು ಮುಸಲ್ಮಾನರು. ಕನ್ನಡದವನನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಅವರ ಕಡೆಯವರು ಅವರನ್ನು ಕೇಳುತ್ತಿದ್ದರು. ಅವರ ಹತ್ತಿರ ಯಾಕೆ ಇದ್ದೀ ಎಂದು ನಮ್ಮ ಕಡೆಯವರು ನನ್ನನ್ನು ಕೇಳುತ್ತಿದ್ದರು. "ಹುಣ್ಣು ಯಾವ ಮಂದೀದು ಅಂತ ಕೇಳಬ್ಯಾಡ ರಾಜಾ, ಯಾವ ದವಡೀದು ಅಂತ ಕೇಳು," ಎಂದು ನನಗೆ ಹೇಳಿ ಅವರು ತಮ್ಮ ಪಾಡಿಗೆ ಕೆಲಸಕ್ಕೆ ಕೂಡುವರು. ಒಮ್ಮೆ ಅಫಜಲಪುರದಿಂದ ಬರುವಾಗ ಗಾಡಿ ತಡೆಯುವ ನಾಕೆಯಲ್ಲಿ ಬಂದೂಕು ಹಿಡಿದ ಒಬ್ಬ ನಮ್ಮ ಡಬ್ಬಿ ತಡೆದು, ಇದರಲ್ಲಿ ಏನಿದೆ ಎಂದು ಗದರಿಸಿದ. "ಆರು ಮಂದಿ ಇದಾರ," ಎಂದರು ಸಾಹೇಬರು. ಅವನು ಮುಚ್ಚಳ ತೆಗೆದ. ಶೀಶೆಗಳಲ್ಲಿ ತೇಲುವ ತುಣುಕುಗಳನ್ನು ಕಂಡು, ಆ ವಾಸನೆ ಮೂಗಿಗೆ ಬಡಿದು, ರಸ್ತೆ ಬದಿಗೆ ಓಡಿ ಕಾರಿಕೊಂಡ. ಸಾಹೇಬರು ಇಳಿದುಹೋಗಿ ಅವನ ಬೆನ್ನು ಸವರಿ, ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಯಾವ ದವಡೆ ಎಂದು ಕೇಳಿಯೇ ಗಾಡಿ ಹತ್ತಿದರು.

ಇಂಥವರಿಂದ ತಪ್ಪಾದದ್ದು ಅವರ ಒಳ್ಳೆಯತನದಿಂದಲೇ. ಅದನ್ನೇ ಹೇಳಬೇಕಾಗಿದೆ.

ಶೀಶೆಯ ಮೇಲೆ, ಗಾಜಿನ ಮೇಲೆ ಅವರು ರೋಗಿಯ ಹೆಸರು ಬರೆಯಗೊಡುತ್ತಿರಲಿಲ್ಲ. ಇಂಥವರಿಗೆ ಇಂಥ ಹುಣ್ಣು ಎಂದು ಊರೆಲ್ಲ ಆಡಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಬರೀ ನಂಬರು. ಹೆಸರು, ಊರು ದಾಖಲೆ ಬುಕ್ಕಿನಲ್ಲಿ, ಬುಕ್ಕು ಬೀಗದಲ್ಲಿ. ನಂಬರನ್ನು ನಾನು ಉರ್ದುವಿನಲ್ಲಿ ಬರೆಯಲು ಹೋದರೆ ಕೈ ತಡವರಿಸುತ್ತಿತ್ತು. ಅವರು ನೋಡಿ ನಕ್ಕರು.

"ಬಿಡು. ನಿನ್ನ ಅಕ್ಷರದಾಗ ನೀ ಬರಿ, ನನ್ನ ಅಕ್ಷರದಾಗ ನಾ ಬರೀತೇನಿ. ತನ್ನ ಅಕ್ಷರದಾಗ ಬರಿಯೋ ಕೈ ತಪ್ಪಂಗಿಲ್ಲ," ಎಂದರು.

ಆವತ್ತು ನನಗೆ ಎಷ್ಟು ಹಿಗ್ಗಾಯಿತೆಂದರೆ, ಮನೆಗೆ ಬಂದು ಹೆಂಡತಿಗೆ ಹೇಳಿದೆ. ಕಚೇರಿ, ಶಾಲೆ, ನಾಕೆ, ಎಲ್ಲಿ ಹೋದರೂ ನಿನ್ನ ಭಾಷೆ ಆಚೆ ಇಡು ಎನ್ನುವ ಕಾಲದಲ್ಲಿ ಇವರೊಬ್ಬರು ಇಟ್ಟುಕೋ ಎಂದಿದ್ದರು.

ಈಗ ಅಂಕಿಗಳ ಮಾತು. ಉರ್ದುವಿನಲ್ಲಿ ಸೊನ್ನೆ ಎಂದರೆ ಒಂದು ಚುಕ್ಕೆ. ಉರ್ದುವಿನ ಐದು ಎಂದರೆ ಒಂದು ಗುಂಡು, ನಮ್ಮ ಸೊನ್ನೆಯ ಹಾಗೆಯೇ, ಎಲ್ಲೋ ಒಂದು ಕಡೆ ಸ್ವಲ್ಪ ತಗ್ಗು. ಕಾಗದದ ಮೇಲೆ ಆ ತಗ್ಗು ಕಾಣುತ್ತದೆ. ಗಾಜಿನ ಮೇಲೆ ವಜ್ರದ ಮೊನೆಯಿಂದ ಕೊರೆಯುವಾಗ ಕಾಣುವುದಿಲ್ಲ. ನಮ್ಮ ಒಂದರ ಸುತ್ತೂ ಗಾಜಿನ ಮೇಲೆ ಬರುವುದಿಲ್ಲ, ಮೊನೆ ಜಾರುತ್ತದೆ. ನಾನೂ ಅವರಂತೆ ನೆಟ್ಟಗೊಂದು ಗೆರೆ ಎಳೆದುಬಿಡುತ್ತಿದ್ದೆ. ಅಂದ ಮೇಲೆ ನನ್ನ ಹತ್ತು ಎಂದರೆ ಗೆರೆ, ಗುಂಡು. ಅವರ ಹದಿನೈದು ಎಂದರೂ ಗೆರೆ, ಗುಂಡು.

ಪ್ರತಿ ವರ್ಷ ನಂಬರು ಒಂದರಿಂದ ಶುರು. ೧೯೪೮ರ ಸಂಕ್ರಾಂತಿ ಮುಗಿದ ಮೇಲೆ ಭೀಮಾ ದಂಡೆಯ ಮಣ್ಣೂರಿನಿಂದ ಒಬ್ಬ ಅಂಬಿಗ ಬಂದ. ದವಡೆಯಲ್ಲಿ ಹುಣ್ಣು. ಅವನ ಶೀಶೆ, ಗಾಜು ಎರಡಕ್ಕೂ ನಾನೇ ನಂಬರು ಹಾಕಿದೆ, ಹತ್ತು. ಕೆಲವು ದಿನಕ್ಕೆ ಸಾಹೇಬರು ಜೇವರ್ಗಿಗೆ ಹೋಗಿ ಬಂದರು. ಅಲ್ಲೊಬ್ಬ ಬಳೆಗಾರ್ತಿ, ಹುಸೇನಬಿ ಅಂತ. ಹಿಂದೊಮ್ಮೆ ಸಾಹೇಬರೊಂದಿಗೆ ಹೋದಾಗ ನಾನೂ ಆಕೆಯನ್ನು ನೋಡಿದ್ದೆ. ಊರೂರು ತಿರುಗಿ ಬಳೆ ಇಡುವವಳು, ಮಾತೆಂದರೆ ಮಾತು. "ಸಾಹೇಬ್ರ, ನನ್ನ ಬಾಯಿ ಬಂದ್ ಆದ್ರ ಬಳಿ ಯಾರ್ ಇಟಗೋತಾರ್ರಿ? ಮಂದಿ ಬಳಿ ಕೊಳ್ಳಾಕ ಬರಂಗಿಲ್ಲ, ನನ್ನ ಮಾತ್ ಕೇಳಾಕ ಬರ್ತಾರ. ಬೀವಿ ಕೈ ಅಳತಿ ಹೇಳ್ರಿ, ಹಸರು ಬಳಿ ಕೊಡ್ತೇನಿ!" ಎಂದು ಸಾಹೇಬರನ್ನೂ ನಗಿಸಿದ್ದಳು. ಈಗ ಆಕೆಯ ಕೆನ್ನೆಯ ಒಳಗೆ ಹುಣ್ಣು. ಅವಳ ಶೀಶೆ, ಗಾಜು ಎರಡಕ್ಕೂ ನಂಬರು ಹಾಕಿದವರು ಸಾಹೇಬರು, ಹದಿನೈದು.

ಬಣ್ಣ ಕೊಟ್ಟ ಗಾಜುಗಳನ್ನು ಕಟ್ಟಿಗೆಯ ತಟ್ಟೆಯಲ್ಲಿ ಒಣಗಲು ಇಟ್ಟಿದ್ದೆ. ಆವತ್ತೇ ಸುದ್ದಿ ಬಂತು, ಸರಸಂಬಾ ಕಡೆ ರಜಾಕಾರರು ಬಂದಿದ್ದಾರಂತೆ. ನನ್ನ ಹೆಂಡತಿ ಬಾಣಂತನಕ್ಕೆಂದು ಸರಸಂಬಾದ ತವರಿಗೆ ಹೋಗಿದ್ದಳು, ಏಳು ತಿಂಗಳು. ಅವಳನ್ನು ಗಡಿ ದಾಟಿಸಬೇಕು. ಆ ಕಡೆ ಹೋಗುವ ಮೋಟಾರು ಒಂದೇ. ಸಾಹೇಬರು ಹೊರಗಿನ ಖೋಲಿಯಿಂದಲೇ "ಹೋಗೋ, ಮದಲ ಹೋಗು!" ಎಂದು ಕೂಗಿದರು. ನಾನು ತಟ್ಟೆಯ ಮುಚ್ಚಳ ಹಾಕಲು ಬಗ್ಗಿದೆ. ಅದರಲ್ಲಿ ಎರಡು ಗಾಜಿನ ಮೇಲೆ ಗೆರೆ, ಗುಂಡು. ಅಕ್ಕಪಕ್ಕ.

ನನ್ನ ಹತ್ತು ಎರಡು ಯಾಕಿವೆ ಎಂದುಕೊಂಡೆ. ಸಾಹೇಬರು ಇನ್ನೊಂದು ಮಾಡಿಸಿರಬೇಕು ಎಂದುಕೊಂಡೆ. ಆಮೇಲೆ, ಇದೊಂದು ಅವರ ಹದಿನೈದು ಇದ್ದೀತೇ ಎಂಬ ಸಂಶಯವೂ ಬಂತು. ಬಂದದ್ದು ಖರೆ. ಬರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿ ನೋಡಿದ್ದೇನೆ, ಸಾಗಿಲ್ಲ. ಬಾಗಿಲಾಚೆಗೇ ಸಾಹೇಬರಿದ್ದರು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಮೋಟಾರಿನವನು ಹಾರ್ನು ಹೊಡೆಯುತ್ತಿದ್ದ. ಮುಚ್ಚಳ ಹಾಕಿ ಓಡಿದೆ.

ಹೆಂಡತಿಯನ್ನು ಸೊಲ್ಲಾಪುರಕ್ಕೆ ಮುಟ್ಟಿಸಿ ಎಂಟು ದಿನ ಬಿಟ್ಟು ಬಂದೆ. ಅಷ್ಟರಲ್ಲಿ ಸಾಹೇಬರು ಆ ಎರಡರಲ್ಲಿ ಒಂದನ್ನು ನೋಡಿದ್ದರು. ಅವರ ಕಣ್ಣಿಗೆ ಅದು ಹದಿನೈದು. ದುರ್ಬೀನಿನಲ್ಲಿ ಸಾದಾ ಹುಣ್ಣು. ಹುಸೇನಬಿಗೆ ಚೀಟಿ ಬರೆದು ಕಳಿಸಿದ್ದರು, ಅಂಜಬೇಡ, ಏನೂ ಇಲ್ಲ, ತಂಬಾಕು ಬಿಡು ಎಂದು. ಉಳಿದದ್ದನ್ನು ನಾನು ತೆಗೆದು, ಹತ್ತು ಎಂದು ಕೂಗಿ, ದುರ್ಬೀನಿಗೆ ಇಟ್ಟೆ. ಅವರು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು, "ಸರತಾನ್. ಬರಕೋ," ಎಂದರು. ಗಾಜು ಎರಡು, ಹೆಸರು ಎರಡು, ಬುಕ್ಕಿನಲ್ಲಿ ಎಲ್ಲ ತಾಳೆಯಾಯಿತು. ತಾಳೆಯಾದದ್ದರಿಂದಲೇ ನಾನು ನನ್ನ ಸಂಶಯವನ್ನು ಬಿಟ್ಟುಬಿಟ್ಟೆ.

ಅಂಬಿಗನಿಗೆ ಹೇಳುವಾಗ ಸಾಹೇಬರು ಕುರ್ಚಿ ಬಿಟ್ಟು ನೆಲದ ಮೇಲೆ ಅವನ ಎದುರು ಕೂತರು. ಕೆಟ್ಟ ಸುದ್ದಿಯನ್ನು ಅವರು ಯಾವತ್ತೂ ಎತ್ತರದಲ್ಲಿ ಕೂತು ಹೇಳಲಿಲ್ಲ. ದೊಡ್ಡ ದವಾಖಾನೆಗೆ ಹೋಗಿ ದವಡೆ ಕೊಯ್ಸಬೇಕು ಎಂದರು. ಅವನು "ದವಡಿ ಇಲ್ಲದಾವ ಏನ್ ಉಣ್ಲಿರಿ? ಒಲ್ಲೆರಿ," ಎಂದು ಟವೆಲು ಹೆಗಲಿಗೆ ಹಾಕಿ ಎದ್ದುಹೋದ. ಸಾಹೇಬರು ಎರಡು ಸಲ ಮಣ್ಣೂರಿಗೆ ಹೇಳಿ ಕಳಿಸಿದರು. ಬರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ತಾನಾಗಿಯೇ ಬಂದ. ತಲೆಯ ಮೇಲೆ ಹೊಳೆದಂಡೆಯ ಕಲ್ಲಂಗಡಿ, ಮುಖದ ತುಂಬ ನಗು.

"ನೋಡ್ರಿ ಸಾಹೇಬ್ರ ಬಾಯಿ! ಸಾಯಾಕ ಹೇಳಿದ್ರಿ, ಸತ್ತಿಲ್ನೋಡ್ರಿ! ಮುರಕ ಹಲ್ಲೊಂದಿತ್ತು, ಹಜಾಮ ಕಿತ್ತ. ತಂಬಾಕಾ ಬಿಟ್ಟೆ. ಮಾದು ಹೋತ್ರಿ! ಒಂದ ಕೆಲಸ ಕೆಟ್ಟಿತ್ರಿ, ಸಾಯ್ತೇನಿ ಅಂತ ದೋಣಿ ತಮ್ಮಗ ಕೊಟ್ಟೆ. ಈಗ ಕೇಳಿದ್ರ ಒಲ್ಲೆ ಅಂತಾನ, ಹಾಟ್ಯಾ."

ನಾನು ಹೋ ಎಂದು ನಕ್ಕೆ. ಒಬ್ಬ ಬದುಕಿ ಬಂದರೆ ಯಾರು ನಗುವುದಿಲ್ಲ? ಸಾಹೇಬರು ನಗಲಿಲ್ಲ. ಅವನ ಬಾಯಿಯಲ್ಲಿ ಬೆರಳಿಟ್ಟು ಅಂಗುಲ ಅಂಗುಲ ತಡವಿದರು. ಕೈ ತೊಳೆದರು, ಮತ್ತೆ ತೊಳೆದರು. ಸರತಾನ್ ಹೀಗೆ ಮಾಯುವುದಿಲ್ಲ. ಮಾದಿದೆ ಎಂದರೆ ಗಾಜಿನಲ್ಲಿ ಕಂಡದ್ದು ಅವನ ಹುಣ್ಣಲ್ಲ. ಅವನದಲ್ಲವೆಂದರೆ ಯಾರದು?

ಅವನನ್ನು ಕಳಿಸಿ ಒಳಗೆ ಬಂದು ತಟ್ಟೆ ತೆಗೆಸಿದರು. ಬಿಳಿ ಕಾಗದದ ಮೇಲೆ ಎರಡು ಗಾಜು ಇಟ್ಟರು.

"ಇದನ್ನ ಓದು."

"ಹತ್ತು ರೀ."

"ಇದು?"

"ಅದೂ ಹತ್ತು ರೀ."

"ನನಗ ಎರಡೂ ಪಂದ್ರಾ, ಹದಿನೈದು," ಎಂದು ಅವರು ಗೋಡೆಗೆ ಕೈ ಕೊಟ್ಟು ನೆಲದ ಮೇಲೆ ಕೂತರು. ಅಯ್ಯೋ ದೇವರೇ, ಆ ಮುಖ! ಈಗಲೂ ನನಗೆ ಅದನ್ನು ನೋಡಲಾಗುವುದಿಲ್ಲ.

ಮರುದಿನವೇ ಜೇವರ್ಗಿಗೆ ಹೊರಟೆವು. ಕಲಬುರ್ಗಿ ಬಂತು. ಅಲ್ಲಿ ನಾನು ಕೈಮುಗಿದೆ.

"ಸಾಹೇಬ್ರ, ಆವಾಗ ಕೊಯ್ದಿದ್ರೂ ಉಪಯೋಗ ಇದ್ದಿಲ್ಲ ಅಂತ ಹೇಳ್ರಿ. ಒಂದು ಸುಳ್ಳು. ಆಕಿ ಸಮಾಧಾನಕ್ಕ."

"ಒಂದು ಸುಳ್ಳು ಆಗ್ಲೇ ಬರದು ಕಳಿಸೇನಿ," ಎಂದರು. "ಎರಡನೇದು ಬ್ಯಾಡ."

ನನಗೆ ಸಿಟ್ಟು ಬಂತು. ಸಾಯುವವಳಿಗೆ ಇವರ ಸತ್ಯ ಯಾಕೆ ಬೇಕು? ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಸತ್ಯ ಹೇಳುತ್ತ ಹೋದರೆ ಅದು ನಾನು ಮುಚ್ಚಳ ಹಾಕಿದ ಆ ತಟ್ಟೆಯ ತನಕ ಬಂದೀತು ಎಂಬ ಹೆದರಿಕೆ.

ಹುಸೇನಬಿ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಕೆನ್ನೆಗೆ ಅರಿವೆ ಕಟ್ಟಿದ್ದಳು, ಅರಿವೆ ಒದ್ದೆಯಾಗಿತ್ತು. ಹಿಂದೆ ಗೂಟಕ್ಕೆ ಬಳೆಯ ಸರಗಳು ಹಾಗೇ ತೂಗುಬಿದ್ದಿದ್ದವು. ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡು ನಗಲು ನೋಡಿದಳು. ಪಕ್ಕದಲ್ಲಿದ್ದ ಮಗಳು ಒಮ್ಮೆಲೇ ಅತ್ತಳು.

"ನೋಡ್ರಿ ಸಾಹೇಬ್ರ, ಎಷ್ಟು ಸಲ ಹೇಳೇನಿ, ಆಳಂದಕ್ಕ ಹೋಗೋಣ ನಡಿ ಅಂತ. ಸಾಹೇಬ್ರು ಏನಿಲ್ಲ ಅಂತ ಬರದಾರ, ಅವರಕಿಂತ ನಿಮಗ ಹೆಚ್ಚಿಗಿ ತಿಳೀತದೇನು ಅಂತ ನಮ್ಮ ಮ್ಯಾಲೇ ಬರ್ತಾಳ."

ಹುಸೇನಬಿ ಸೊಂಟದ ಚೀಲದಿಂದ ಆ ಚೀಟಿ ತೆಗೆದಳು. ಮಡಿಕೆ ಮಡಿಕೆಯಲ್ಲಿ ಹರಿದಿತ್ತು. ಕಂಡವರಿಗೆಲ್ಲ ತೋರಿಸಿದ್ದಳಂತೆ, ಅದು ಬಂದ ದಿನ ಓಣಿಗೆಲ್ಲ ಸಕ್ಕರೆ ಹಂಚಿದ್ದಳಂತೆ. ಸಾಹೇಬರು ಆಕೆಯ ಎದುರು ನೆಲದ ಮೇಲೆ ಕೂತರು. ಅರಿವೆ ಬಿಚ್ಚಿ ನೋಡಿದರು. ಆಮೇಲೆ ಹೇಳಿದರು. ಎರಡು ಗಾಜು ಅದಲುಬದಲಾದದ್ದು, ಇನ್ನೊಬ್ಬನ ಹುಣ್ಣನ್ನು ನಿನ್ನದೆಂದು ಓದಿದ್ದು, ಎಲ್ಲ. ಒಂದೂ ಮುಚ್ಚಲಿಲ್ಲ.

ಆಕೆ ಚೀಟಿಯನ್ನು ಮುಂದೆ ಹಿಡಿದು, ತೊದಲುತ್ತ, "ಇದರಾಗ ಹಂಗಿಲ್ಲಲ್ರಿ?" ಎಂದಳು.

"ಇದು ತಪ್ಪು, ಬೆಹೆನ್."

"ಆವಾಗ ಕೊಯ್ದಿದ್ರ ಉಳೀತಿದ್ನೇನ್ರಿ?"

ನಾನು ಬಾಗಿಲ ಬದಿಗೆ ನಿಂತು ಸಾಹೇಬರ ಬೆನ್ನನ್ನೇ ನೋಡುತ್ತಿದ್ದೆ. ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ಒಳಗೇ ಬೇಡಿಕೊಂಡೆ.

"ಬಹಳ ಮಾಡಿ ಉಳೀತಿದ್ದಿ."

"ಈಗ?"

"ಈಗ ಇಲ್ಲ, ಬೆಹೆನ್."

"ಯಾರ್ ತಪ್ಪು?"

"ನಂದು," ಎಂದರು ಸಾಹೇಬರು. ಅರ್ಧ ನನ್ನದು ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹುಸೇನಬಿ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೀಟಿಯನ್ನು ಅವರ ಕೈಗೆ ಕೊಟ್ಟು, "ಇದನ್ನ ತೊಗೊಂಡು ಹೋಗ್ರಿ. ಇದೊಂದು ಇತ್ತು ಅಂತ ಧೈರ್ಯ ಇತ್ತು. ಅದನ್ನೂ ಯಾಕ್ ಕಸಗೊಂಡ್ರಿ?" ಎಂದು ಗೋಡೆಯ ಕಡೆ ಹೊರಳಿದಳು. ಸಾಹೇಬರು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದರು. ನೋವಿನ ಔಷಧ ಮಗಳ ಕೈಗೆ ಕೊಟ್ಟು ಎದ್ದರು.

ಆಕೆ ದಸರೆಗೆ ಮೊದಲೇ ತೀರಿಕೊಂಡಳು. ಸಾಹೇಬರು ಆಮೇಲೆ ದುರ್ಬೀನಿಗೆ ಕಣ್ಣು ಹಚ್ಚಲಿಲ್ಲ. ಮೂರು ತಾಲೂಕಿನ ಕೆಲಸ, ದವಡೆಯ ಪಟ್ಟಿ, ಬುಕ್ಕು, ಎಲ್ಲ ಅಲ್ಲಿಗೇ ನಿಂತವು. ಯಾವ ಗಾಜನ್ನು ತೆಗೆದರೂ ಇದು ಯಾರದೆಂದು ನಂಬಲಿ ಎನ್ನುತ್ತಿದ್ದರು. ಸೆಪ್ಟೆಂಬರಿನಲ್ಲಿ ಇಂಡಿಯಾದ ಫೌಜು ಬಂತು, ನಿಜಾಮನ ರಾಜ್ಯ ಹೋಯಿತು. ಸಾಹೇಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿಗೆ ಹೋದರು, ಮರಳಿ ಬರಲಿಲ್ಲ. ಅಲ್ಲೇ ಎಲ್ಲೋ ತೀರಿಕೊಂಡರೆಂದು ಬಹಳ ವರ್ಷದ ಮೇಲೆ ಕೇಳಿದೆ. ಆಳಂದದಲ್ಲಿ ಮಂದಿ, ಫೌಜಿಗೆ ಅಂಜಿ ಓಡಿಹೋದ ಎಂದರು. ಹಾಗಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ಹಾಗಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.

ಆವತ್ತು ಜೇವರ್ಗಿಯಿಂದ ತಿರುಗಿ ಬರುವಾಗ ಭೀಮಾ ದಾಟಲು ದೋಣಿ ಹತ್ತಿದೆವು. ಸಾಹೇಬರ ಮುಷ್ಟಿಯಲ್ಲಿ ಆ ಚೀಟಿ ಹಾಗೇ ಇತ್ತು. ನಡುನೀರಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಹೇಳಿಬಿಡಬೇಕು, ಹೇಳಿ ಅವರ ಕಾಲು ಹಿಡಿಯಬೇಕು ಎನಿಸಿತು.

"ಸಾಹೇಬ್ರ, ಆವತ್ತು ನಾ ಸರಸಂಬಾಕ್ಕ ಹೋಗೋ ದಿನ..." ಎಂದು ಶುರುಮಾಡಿದೆ.

ಅವರು ನನ್ನ ಭುಜದ ಮೇಲೆ ಕೈ ಇಟ್ಟರು. ನಾನು ಅವರಿಗೆ ಸಮಾಧಾನ ಹೇಳಲು ಹೊರಟಿದ್ದೇನೆ ಎಂದುಕೊಂಡಿದ್ದರು.

"ಗೊತ್ತದ ರಾಜಾ. ಆವತ್ತು ನೀ ಅಲ್ಲಿರಲಿಲ್ಲ. ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ. ಆ ಎರಡು ಗಾಜು ಕೂಡೇ ನಿನ್ನ ಕಣ್ಣಿಗೆ ಬಿದ್ದಿದ್ರ ನೀ ನನಗ ಹೇಳದ ಇರ್ತಿದ್ದಿಲ್ಲ. ಹೌದಿಲ್ಲೊ?"

"ಹೌದ್ರಿ," ಎಂದೆ.